ಫಿರಂಗಿ ಗುಂಡು ಚಾಕುವಾದ ದ್ವೀಪ

ಚೀನದ ಶಿಯಾಮೆನ್ ಬಂದರಿನಲ್ಲಿ ಹಡಗನ್ನೇರಿದ ಪ್ರವಾಸಿಗನು ಅರ್ಧ ಗಂಟೆಯೊಳಗೆ ಕಿನ್ಮೆನ್ ದ್ವೀಪದ ದಂಡೆಯನ್ನು ಮುಟ್ಟುತ್ತಾನೆ. ಅದೇ ದ್ವೀಪದವನು ತನ್ನನ್ನಾಳುವ ತೈವಾನಿಗೆ ಹೋಗಬೇಕಾದರೆ ಸಾಮಾನ್ಯವಾಗಿ ವಿಮಾನವನ್ನೇ ಹತ್ತುತ್ತಾನೆ. ನಡುವೆ ಸುಮಾರು 200 ಕಿಲೋಮೀಟರ್ ಕಡಲು. ಹೆಸರು ಹೊಸದೆನಿಸಿದರೂ ಹಿರಿಯ ಓದುಗರಿಗೆ ಈ ನೆಲ ಅಪರಿಚಿತವಲ್ಲ. 1958ರಲ್ಲಿ ವೃತ್ತಪತ್ರಿಕೆಗಳು ‘ಕ್ವೆಮಾಯ್’ ಎಂದು ಕರೆದದ್ದು ಇದನ್ನೇ.

1949ರ ಅಕ್ಟೋಬರಿನಲ್ಲಿ ಕಮ್ಯೂನಿಸ್ಟ್ ಸೈನ್ಯ ಇಲ್ಲಿಯ ಗುನಿಂಗ್‌ಟೌ ಗ್ರಾಮದ ಬಳಿ ಇಳಿದು, ಸೋತಿತು. ದ್ವೀಪ ತೈವಾನಿನ ಪಾಲಿಗೆ ಉಳಿಯಿತು. ದ್ವೀಪವಷ್ಟೇ ಅಲ್ಲ, ತೈವಾನ್ ಕೂಡ ತನ್ನದೇ ಎಂಬ ಹಟವನ್ನು ಚೀನ ಇಂದಿಗೂ ಬಿಟ್ಟಿಲ್ಲ. 1958ರ ಆಗಸ್ಟ್ 23ರಿಂದ 44 ದಿನಗಳ ಕಾಲ, ಸುಮಾರು 150 ಚದರ ಕಿಲೋಮೀಟರಿನ ಈ ಸಣ್ಣ ನೆಲದ ಮೇಲೆ ಬಿದ್ದ ಗುಂಡುಗಳು ಏನಿಲ್ಲವೆಂದರೂ 4,70,000. ಆಮೇಲೆ ನಡೆದದ್ದು ಮತ್ತೂ ವಿಚಿತ್ರ. ಬೆಸ ತಾರೀಖಿನಂದು ಗುಂಡು, ಸಮ ತಾರೀಖಿನಂದು ವಿಶ್ರಾಂತಿ! ಪಂಚಾಂಗ ನೋಡಿ ಮುಹೂರ್ತವಿಡುವವರಂತೆ ದ್ವೀಪದ ಗೃಹಿಣಿಯರು ತಾರೀಖು ನೋಡಿ ಮನೆಯ ಹೊರಗಿನ ಕೆಲಸಗಳನ್ನು ಹೊಂದಿಸಿಕೊಳ್ಳಬೇಕಾಯಿತು. ಈ ಕ್ರಮ ನಿಂತದ್ದು 1979ರ ಜನವರಿ 1ರಂದು, ಅಮೆರಿಕ ಪೀಕಿಂಗ್ ಸರಕಾರವನ್ನು ಮಾನ್ಯ ಮಾಡಿದ ದಿನ.

ಬೆಸ ದಿನಗಳ ಗುಂಡುಗಳಲ್ಲಿ ಅನೇಕವು ಪ್ರಚಾರದ ಕರಪತ್ರಗಳನ್ನು ತುಂಬಿದಂಥವು. ಅವು ಚೂರುಚೂರಾಗಿ ಸಿಡಿಯದ ಕಾರಣ ಒಳ್ಳೆಯ ಉಕ್ಕು ಇಡಿಯಾಗಿ ಕೈಗೆ ದೊರೆಯುತ್ತಿತ್ತು. ದ್ವೀಪದ ಕಮ್ಮಾರರು ಅದನ್ನು ಕುಲುಮೆಗೆ ಹಾಕಿದರು. ಒಂದು ಗುಂಡಿನಿಂದ ಸುಮಾರು ಅರವತ್ತು ಅಡಿಗೆಮನೆಯ ಚಾಕುಗಳಾಗುತ್ತವೆ. ಪ್ರವಾಸಕ್ಕೆ ದಾರಿ ತೆರೆದ ಮೇಲೆ ಈ ಚಾಕುಗಳನ್ನು ಆಸೆಪಟ್ಟು ಕೊಂಡವರಲ್ಲಿ ಚೀನದವರೇ ಬಹಳ ಮಂದಿ. ತಂದೆಯರು ಎಸೆದುದನ್ನು ಮಕ್ಕಳು ಹಣ ಕೊಟ್ಟು ಮರಳಿ ಒಯ್ದರು ಎನ್ನಬೇಕು.

ಆದರೆ ವ್ಯಾಪಾರವೂ ರಕ್ಷಣೆಯೂ ಇಲ್ಲಿ ಎಂದೂ ಬೇರೆಬೇರೆಯಾಗಿರಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಬೀಡುಬಿಟ್ಟಿದ್ದ ಸೈನಿಕರು ಹತ್ತಿರ ಹತ್ತಿರ ಒಂದು ಲಕ್ಷ. ಸೈನ್ಯದ ಆಡಳಿತ ಕಠಿಣ: ಈಜಿ ಆಚೆ ದಡಕ್ಕೆ ಪಲಾಯನ ಮಾಡಿಯಾರೆಂದು ಚೆಂಡನ್ನಿಟ್ಟುಕೊಳ್ಳುವುದಕ್ಕೂ ನಿರ್ಬಂಧ, ಚಲಾವಣೆಗೆ ಕಿನ್ಮೆನ್‌ಗಷ್ಟೇ ಮೀಸಲಾದ ನೋಟು. ಆದರೂ ಆ ಸೈನಿಕರೇ ಅಂಗಡಿಕಾರರ ಗಿರಾಕಿಗಳು. ಅವರ ದಾಹವೇ ದ್ವೀಪದ ಮುಖ್ಯ ಕೈಗಾರಿಕೆಗೂ ಮೂಲ. ಧಾರವಾಡ, ವಿಜಾಪುರಗಳ ಕಡೆ ರೊಟ್ಟಿಯಾಗುವ ಜೋಳ ಕಿನ್ಮೆನ್‌ನಲ್ಲಿ ಮದ್ಯವಾಗುತ್ತದೆ. ಗಾಳಿ ಬೀಸುವ ಮರಳು ನೆಲದಲ್ಲಿ ಗೆಣಸು ಬೆಳೆಯುತ್ತಿದ್ದ ರೈತರಿಗೆ ಸೇನಾಧಿಪತಿ ಹೂ ಲಿಯೆನ್, ಜೋಳ ತಂದು ಕೊಟ್ಟರೆ ಅಷ್ಟೇ ತೂಕದ ಅಕ್ಕಿ ಕೊಡುವುದಾಗಿ ಸಾರಿದ. ಆ ಭಟ್ಟಿಯೇ ಇಂದು ಜಿಲ್ಲಾಡಳಿತದ ಬೊಕ್ಕಸಕ್ಕೆ ದೊಡ್ಡ ಆಸರೆ.

1992ರಲ್ಲಿ ಸೈನ್ಯದ ಆಡಳಿತ ಮುಗಿದು ಸೈನಿಕರು ಕಡಿಮೆಯಾದಂತೆ ಅಂಗಡಿಬೀದಿಗಳು ಬಿಕೋ ಎಂದವು. ಕಾವಲು ಸಡಿಲಿದ್ದಕ್ಕೆ ವರ್ತಕ ಮರುಗುವುದು ಲೋಕದಲ್ಲಿ ಅಪರೂಪ! ಅನಂತರ ದ್ವೀಪ ಎದುರು ದಡದ ಕಡೆ ಮುಖ ಮಾಡಿದ್ದು ಸಹಜವೇ. 2001ರ ಜನವರಿಯಲ್ಲಿ ಶಿಯಾಮೆನ್‌ಗೆ ಹಡಗು ಸಂಚಾರ ಆರಂಭವಾಯಿತು.

ಇದಕ್ಕಿಂತಲೂ ಹೆಚ್ಚು ಚರ್ಚೆಗೆ ಗುರಿಯಾದದ್ದು ನೀರು. ದ್ವೀಪದ ಕೆರೆಗಳು ಸಾಲವು. 2018ರ ಆಗಸ್ಟ್ 5ರಂದು ಚೀನದ ಫೂಜಿಯನ್ ಪ್ರಾಂತದಿಂದ, ಕಡಲ ತಳದಲ್ಲಿ 16 ಕಿಲೋಮೀಟರ್ ಹಾಸಿದ ಕೊಳವೆಯಲ್ಲಿ ಕುಡಿಯುವ ನೀರು ಬಂದಿತು. ಸಮಾರಂಭವನ್ನು ಮುಂದೂಡಿರೆಂದು ತೈಪೆ ಕೇಳಿಕೊಂಡಿತು, ಕಿನ್ಮೆನ್ ಒಪ್ಪಲಿಲ್ಲ. ಬಾಯಾರಿದವನಿಗೆ ರಾಜನೀತಿ ರುಚಿಸದು ನಿಜ. ಆದರೆ ನಲ್ಲಿಯ ತಿರುಪು ಯಾರ ಕೈಯಲ್ಲಿದೆ ಎಂದು ತೈಪೆ ಕೇಳಿದ್ದನ್ನೂ ಅಲ್ಲಗಳೆಯುವಂತಿಲ್ಲ. 2021ರಲ್ಲಿ ಚೀನ ತೈವಾನಿನ ಅನಾನಸನ್ನು ಕೀಟದ ನೆವದಿಂದ ಒಮ್ಮೆಲೇ ನಿಲ್ಲಿಸಿತ್ತು. ತೈವಾನಿನ ರಫ್ತಿನಲ್ಲಿ ಚೀನ, ಹಾಂಗ್‌ಕಾಂಗ್‌ಗಳ ಪಾಲು 2020ರಲ್ಲಿ ನೂರಕ್ಕೆ 44ರಷ್ಟಿತ್ತು. 2024ರ ವೇಳೆಗೆ 32ರ ಆಸುಪಾಸಿಗೆ ಇಳಿಯಿತು. ಅಂಥ ಹಿಂದೆಗೆತ ತೈಪೆಗೆ ಸಾಧ್ಯ. ಕಣ್ಣೆದುರಿಗೇ ಶಿಯಾಮೆನ್ ಇರುವ ಕಿನ್ಮೆನ್ ಎಲ್ಲಿಗೆ ಸರಿದೀತು?

2020ರ ಪಿಡುಗಿನಲ್ಲಿ ನಿಂತ ಹಡಗುಗಳು 2023ರಲ್ಲಿ ಮತ್ತೆ ಸಂಚರಿಸಿದವು. 2024ರ ಫೆಬ್ರುವರಿ 14ರಂದು ತೈವಾನಿನ ಕರಾವಳಿ ಕಾವಲಿನವರು ಬೆನ್ನಟ್ಟಿದ ಚೀನದ ದೋಣಿಯೊಂದು ಮಗುಚಿ ಇಬ್ಬರು ಸತ್ತರು. ತರುವಾಯ ಚೀನದ ಕಾವಲು ನೌಕೆಗಳು ದ್ವೀಪದ ನಿಷಿದ್ಧ ಜಲಸೀಮೆಯೊಳಕ್ಕೆ ಮೇಲಿಂದ ಮೇಲೆ ಬರತೊಡಗಿದವು.

ಕಡಲಿಳಿತದ ಹೊತ್ತಿಗೆ ಗುನಿಂಗ್‌ಟೌ ದಂಡೆಯಲ್ಲಿ ನಿಂತರೆ ಕೆಸರಿನಲ್ಲಿ ಸಾಲುಸಾಲಾಗಿ ಕಲ್ಲುಕಂಬಗಳು ಕಾಣುತ್ತವೆ. ಅವು ಸಿಂಪಿ ಬೆಳೆಯುವವರವು. ಶತ್ರುವಿನ ದೋಣಿಗಳನ್ನು ಸೀಳಲೆಂದು ಸೈನ್ಯ ನೆಟ್ಟ ಕಬ್ಬಿಣದ ಕಂಬಿಗಳೂ ಈ ದ್ವೀಪದ ದಂಡೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಸಿಂಪಿಗೆ ಎರಡೂ ಒಂದೇ, ಕಬ್ಬಿಣವನ್ನೂ ಕಚ್ಚಿಕೊಂಡಿದೆ. ಕಡಲು ಮತ್ತೆ ಉಕ್ಕುವ ಮುನ್ನ ಬುಟ್ಟಿ ತುಂಬಿಸಿಕೊಂಡು ಹೆಂಗಸರು ದಡಕ್ಕೆ ಮರಳುವ ಹೊತ್ತಿಗೆ ಆಚೆ ದಡದಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ.