ಹಾಡುವ ಇಲಿ, ಕಲಿಯುವ ಹಕ್ಕಿ

ಹಾಡೆಂದೊಡನೆ ಲೋಕಕ್ಕೆ ಹಕ್ಕಿಯ ನೆನಪಾಗುತ್ತದೆ; ಇಲಿಯೆಂದೊಡನೆ ಕಣಜದ ಚಿಂತೆ ಹುಟ್ಟುತ್ತದೆ. ಆದರೆ ದಕ್ಷಿಣ ಮೆಕ್ಸಿಕೋದಿಂದ ಪನಾಮದವರೆಗಿನ ಮಂಜು ಮುಸುಕಿದ ಬೆಟ್ಟಗಾಡುಗಳಲ್ಲಿ ವಾಸಿಸುವ ಒಂದು ಕಂದು ಇಲಿ ಈ ಎಣಿಕೆಯನ್ನು ಬುಡಮೇಲು ಮಾಡಿದೆ. ಹಿಂಗಾಲುಗಳ ಮೇಲೆ ನಿಂತು, ತಲೆಯೆತ್ತಿ, ಬಾಯ್ದೆರೆದು ಅದು ಹಾಡುತ್ತದೆ. ಒಂದು ಹಾಡಿನಲ್ಲಿ ಸ್ವರಗಳು 100ರ ಹತ್ತಿರಕ್ಕೂ ಏರಬಲ್ಲವು. ಆರಂಭದಲ್ಲಿ ಅವು ದ್ರುತವಾಗಿದ್ದು, ಬರಬರುತ್ತ ವಿಳಂಬಗೊಳ್ಳುತ್ತವೆ.

ಇದರ ಪಕ್ಕದಲ್ಲಿ ಆಸ್ಟ್ರೇಲಿಯದ ಝೀಬ್ರಾ ಫಿಂಚ್ ಎಂಬ ಹಕ್ಕಿಯನ್ನಿಟ್ಟು ನೋಡಬೇಕು. ತೂಕದಲ್ಲಿ ಎರಡೂ ಸರಿಸಮ. ಸುಮಾರು 12 ಗ್ರಾಂ. ವಿದ್ಯೆಯ ಬಗೆ ಮಾತ್ರ ಬೇರೆ. ಹಕ್ಕಿಯ ಗಂಡುಮರಿ ತನ್ನ ತಂದೆಯ ಹಾಡನ್ನು ಕೇಳಿ, ಮೊದಲು ತೊದಲಿ, ತಪ್ಪಿ, ತಿದ್ದಿಕೊಂಡು, ಸುಮಾರು 90 ದಿನಗಳ ಹೊತ್ತಿಗೆ ಪಾಠವನ್ನು ಕಂಠಸ್ಥ ಮಾಡಿಕೊಳ್ಳುತ್ತದೆ. ಗುರುವಿಲ್ಲದೆ ಬೆಳೆದ ಮರಿಯ ಹಾಡು ವಿಕಾರವಾಗುತ್ತದೆ. ಒಮ್ಮೆ ನೆಲೆಗೊಂಡ ಹಾಡು ಬಾಳಿನುದ್ದಕ್ಕೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಇಲಿಯ ಹಾಡು ಹೀಗೆ ತಂದೆಯನ್ನು ಅನುಕರಿಸಿ ಪಡೆದುದೆಂದು ಕಂಡುಬಂದಿಲ್ಲ. ಅದರ ಹಿರಿಮೆ ಬೇರೊಂದೆಡೆ ಇದೆ. ಒಂದು ಇಲಿ ಹಾಡುವಾಗ ಇನ್ನೊಂದು ಕಾಯುತ್ತದೆ; ಮೊದಲಿನದು ಮುಗಿದು ಒಂದು ಸೆಕೆಂಡು ಕಳೆಯುವ ಮುನ್ನವೇ ತನ್ನ ಉತ್ತರವನ್ನು ಆರಂಭಿಸುತ್ತದೆ. 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೈಕಲ್ ಲಾಂಗ್ ಮತ್ತು ಅವರ ಸಹಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಮರ್ಮವನ್ನು ಪ್ರಕಟಿಸಿದರು. ಇಲಿಯ ಮಿದುಳಿನ ಹೊರಪದರದ ಒಂದು ಭಾಗವನ್ನು ಔಷಧದಿಂದ ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ, ಇಲಿ ಒಂಟಿಯಾಗಿ ಹಾಡಬಲ್ಲುದಾಗಿತ್ತು. ಜೊತೆಗಾರನ ಹಾಡಿಗೆ ಮರುಹಾಡುವ ಶಕ್ತಿಯನ್ನು ಮಾತ್ರ ಕಳೆದುಕೊಂಡಿತ್ತು. ಹಾಡುವುದು ಬೇರೆ, ಉತ್ತರಿಸುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಭೇದ ಅಧ್ಯಾಪಕನಿಗೆ ಹೊಸದೇನೂ ಅಲ್ಲ. ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕ ಪ್ರತಿ ತರಗತಿಯಲ್ಲಿಯೂ ಇರುತ್ತಾನೆ. ಅದರ ಅರ್ಥವೇನೆಂದು ಪಕ್ಕದವನು ಕೇಳಿದಾಗ ಅದೇ ಬಾಲಕ ಮೂಕನಾಗುವುದೂ ಉಂಟು. ಹಾಗೆಂದು ಕಂಠಪಾಠವನ್ನು ಹಳಿಯುವುದು ಅವಿವೇಕ. ಆ ಪುಟ್ಟ ಹಕ್ಕಿಗೆ ಅದೇ ಜೀವನಾಧಾರ. ಆದರೆ ಪರರ ಮಾತು ಮುಗಿಯುವವರೆಗೆ ತಾಳುವುದು, ಮುಗಿದೊಡನೆ ತಕ್ಕ ಮಾತನ್ನಾಡುವುದು, ಇವೂ ವಿದ್ಯೆಯ ಅಂಗಗಳೇ. ಇವುಗಳಿಗೆ ಪರೀಕ್ಷೆಯಲ್ಲಿ ಅಂಕಗಳಿಲ್ಲ. ಆದುದರಿಂದಲೇ ಪಾಠಶಾಲೆಗಳಲ್ಲಿ ಮೊದಲು ಮರೆತುಹೋಗುವುದೂ ಇವೇ. ಗುರುವು ಪಾಠ ಹೇಳಿ ಮುಗಿಸಿದ ಮೇಲೆ ಗಂಟೆ ಬಾರಿಸುವುದಕ್ಕೆ ಮುಂಚೆ ಐದು ನಿಮಿಷ ಉಳಿಸಿಕೊಂಡು, ಶಿಷ್ಯರ ಮಾತಿಗೆ ಕಿವಿಗೊಟ್ಟರೆ ಆ ಮರೆವಿಗೆ ಅಷ್ಟರಮಟ್ಟಿಗೆ ಪರಿಹಾರವಾದೀತು.