ಟಿವಿ ಎದುರಿನ ಮೊದಲ ಸಾಲು

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಹಾಡುಗಳನ್ನು ಕೇಳಲು ಶುರು ಮಾಡಿ ಹದಿನೈದು ವರ್ಷದ ಮೇಲಾಯ್ತು. ಆದರೆ ಇಲ್ಲಿಯವರೆಗೆ ಅವರ ಒಂದೇ ಒಂದು ಕಾರ್ಯಕ್ರಮವನ್ನೂ ನಾನು ಎದುರಿಗೆ ನಿಂತು ನೋಡಿಲ್ಲ. ಹೀಗಂದ್ರೆ ನನ್ನ ಮಗನಿಗೆ ನಗು. ‘ಅದೆಂಥ ಫ್ಯಾನಮ್ಮಾ ನೀನು?’ ಅಂತಾನೆ.

ಮಳವಳ್ಳಿಯಲ್ಲಿ ಮನೆ, ಟೈಲರಿಂಗ್ ಅಂಗಡಿ, ವಯಸ್ಸಾದ ಅಪ್ಪ ಇರುವ ಹೆಂಗಸಿಗೆ ಬೆಂಗಳೂರಿನ ರಾತ್ರಿ ಕಾರ್ಯಕ್ರಮ ಅಂದ್ರೆ ಏನು ಅನ್ನೋದು ಅವನಿಗೇನು ಗೊತ್ತು? ನಮ್ಮೂರಿಗೆ ರೈಲಿಲ್ಲ. ಬಸ್ಸಲ್ಲಿ ಮದ್ದೂರಿಗೆ ಹೋಗಿ ರೈಲು ಹಿಡೀಬೇಕು. ಹೋಗೋದು ಹೇಗೋ ಆಗುತ್ತೆ, ಹಾಡು ಮುಗಿದ ಮೇಲೆ ಸರಿರಾತ್ರಿಯಲ್ಲಿ ಬರೋದು ಹೇಗೆ? ಒಂದು ಸಲ ಧೈರ್ಯ ಮಾಡಿ ಹೊರಟೂ ಇದ್ದೆ. ಮದ್ದೂರು ಮುಟ್ಟೋ ಹೊತ್ತಿಗೆ ಕಾವೇರಿ ಚಳವಳಿ, ಹೆದ್ದಾರಿ ಬಂದ್. ಕಟ್ಟಿಕೊಂಡಿದ್ದ ಚಿತ್ರಾನ್ನವನ್ನು ಬಸ್ ಸ್ಟ್ಯಾಂಡಿನಲ್ಲೇ ತಿಂದು ವಾಪಸ್ ಬಂದೆ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆವತ್ತು ನನಗೂ ಹಾಡಿಗಿಂತ ನೀರೇ ದೊಡ್ಡದು ಅನ್ನಿಸಿತ್ತು.

ಹಾಗಾಗಿ ನನಗೆ ಗೊತ್ತಿರೋ ಕಛೇರಿಯೆಲ್ಲ ರೆಕಾರ್ಡಿಂಗೇ. ಮೊದಲು ಮೊಬೈಲಿನ ಅಂಗೈಯಗಲದ ಪರದೆ, ಈಗ ಮಗ ಟಿವಿಗೆ ಜೋಡಿಸಿಕೊಡ್ತಾನೆ. ಹೋದ ಭಾನುವಾರ ಮಧ್ಯಾಹ್ನ ಅವರ ಒಂದು ಪೂರ್ತಿ ಕಾರ್ಯಕ್ರಮ ನೋಡಿದೆ. ಕುಕ್ಕರ್ ಕೂಗಿದಾಗ ನಿಲ್ಲಿಸಿ, ಬ್ಲೌಸ್ ಕೇಳಿಕೊಂಡು ಬಂದವರಿಗೆ ಕೊಟ್ಟು ಕಳಿಸಿ, ಮತ್ತೆ ಹಾಕಿಕೊಂಡು ನೋಡಿದೆ. ಎದುರಿಗೆ ನೋಡುವವರಿಗೆ ಈ ಸುಖ ಇಲ್ಲ ಬಿಡಿ!

ರಘು ದೀಕ್ಷಿತ್ ಹಾಡೋದನ್ನು ನೋಡದೆ ಬರೀ ಕೇಳಿದವರಿಗೆ ಅರ್ಧ ಮಾತ್ರ ಸಿಕ್ಕಿದೆ ಅಂತ ನನ್ನ ಅನಿಸಿಕೆ. ಮೈಸೂರಲ್ಲಿ ಬೆಳೆದ ಈ ಮನುಷ್ಯ ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಆ ನಾಟ್ಯ ಅವರ ಕಾಲಲ್ಲಿ ಇನ್ನೂ ಇದೆ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರು. ಹಾಡು ಏರುತ್ತಿದ್ದ ಹಾಗೆ ಪಾದ ತಾನಾಗಿ ನೆಲ ಬಡಿಯುತ್ತೆ. ಸುತ್ತ ಡ್ರಮ್ಸು, ಬೇಸ್ ಗಿಟಾರು, ಕೊಳಲು. ಕನ್ನಡ ಬಾರದವರ ಊರಲ್ಲೂ ಇವರು ಹಾಡಿನ ಅರ್ಥ ನಾಲ್ಕು ಮಾತಲ್ಲಿ ಹೇಳಿ, ಆಮೇಲೆ ಕನ್ನಡದಲ್ಲೇ ಹಾಡ್ತಾರೆ. ಕೂತವರನ್ನೆಲ್ಲ ಎಬ್ಬಿಸಿ ಕುಣಿಸ್ತಾರೆ.

ಇವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ವಿಶಾಲ್–ಶೇಖರ್ ಅವರ ಸಂಸ್ಥೆಯಿಂದ. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿ ಇವರಿಗೆ ಬಂತು. ಇವರ ಹಾಡುಗಳಲ್ಲಿ ಶಿಶುನಾಳ ಷರೀಫರ ತತ್ವಪದಗಳಿವೆ. ಷರೀಫರು ಈಗಿನ ಹಾವೇರಿ ಜಿಲ್ಲೆಯವರು, 1889ರಲ್ಲಿ ತೀರಿಕೊಂಡವರು. ನನ್ನ ವಯಸ್ಸಿನವರಿಗೆ ಆ ಪದಗಳು ಅಂದ್ರೆ ಸಿ. ಅಶ್ವತ್ಥ್ ಅವರ ದನಿ. ಹಾಗಾಗಿ ಗಿಟಾರಿನ ಜೊತೆ ಮೊದಲ ಸಲ ಕೇಳಿದಾಗ ‘ಇದೇನಪ್ಪಾ’ ಅನ್ನಿಸಿದ್ದು ನಿಜ. ಮೂರನೇ ಸಲಕ್ಕೆ ಅಭ್ಯಾಸ ಆಯ್ತು. ಹತ್ತನೇ ಸಲಕ್ಕೆ, ಷರೀಫರು ಬದುಕಿರೋದು ಹೀಗೇ ಅಲ್ವಾ, ಒಬ್ಬರ ಗಂಟಲಿಂದ ಇನ್ನೊಬ್ಬರ ಗಂಟಲಿಗೆ ಹಾದು, ಅನ್ನಿಸಿತು.

ನಮ್ಮ ಕಡೆಯವರಿಗೆ ಮಾತ್ರ ರಘು ದೀಕ್ಷಿತ್ ಅಂದ್ರೆ ಮೊದಲು ನೆನಪಾಗೋದು ಮಾದಪ್ಪನ ಹಾಡು. ಅವರೇ ಸಂಗೀತ ಕೊಟ್ಟ 2008ರ ‘ಸೈಕೋ’ ಸಿನಿಮಾದ್ದು. ಸಿನಿಮಾ ನೋಡಿದವರು ನಮ್ಮ ಬೀದಿಯಲ್ಲಿ ಬೆರಳೆಣಿಕೆ, ಹಾಡು ಬಾರದವರು ಯಾರೂ ಇಲ್ಲ. ಟೆಂಪೋ, ಆಟೊ, ಮದುವೆ ಮನೆಯ ಆರ್ಕೆಸ್ಟ್ರಾ, ಎಲ್ಲ ಕಡೆ ಅದೇ.

ನನ್ನಪ್ಪ ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋಗ್ತಿದ್ದವರು. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಸ್ವಾಧೀನ ತಪ್ಪಿದೆ. ಮಾತು ಕಡಿಮೆ, ಆದರೆ ಕಿವಿ ಚುರುಕು. ಆ ಭಾನುವಾರ ಅವರನ್ನೂ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದೆ. ಮಾದಪ್ಪನ ಹಾಡು ಬಂತು. ಪರದೆಯ ತುಂಬಾ ಹುಡುಗ ಹುಡುಗೀರು ಕೈ ಎತ್ತಿ ಕುಣೀತಿದ್ದರು. ಅಪ್ಪ ಬೈತಾರೇನೋ ಅಂತ ಪಕ್ಕಕ್ಕೆ ನೋಡಿದೆ. ಬೈಯಲಿಲ್ಲ. ಹಾಡು ಮುಗಿಯೋವರೆಗೂ ಕಣ್ಣು ಕೀಳದೆ ನೋಡಿ, ತಡವರಿಸಿಕೊಂಡು ಒಂದೇ ಮಾತು ಕೇಳಿದರು: ‘ಕಂಸಾಳೆಯೋರು ಎಲ್ಲವ್ರೆ?’

ನನ್ನ ಹತ್ರ ಉತ್ತರ ಇರಲಿಲ್ಲ. ಕಂಸಾಳೆ ಗೊತ್ತಲ್ಲ? ಎಡಗೈಲಿ ಹಿತ್ತಾಳೆಯ ಬಟ್ಟಲು, ಬಲಗೈಲಿ ದಾರ ಕಟ್ಟಿದ ತಾಳ. ಕೂತೂ ಹಾಡ್ತಾರೆ, ಕುಣಿಯೋಕೆ ನಿಂತರೆ ತಾಳವನ್ನು ಬೀಸಿ, ಬೆನ್ನ ಹಿಂದೆ, ತಲೆ ಮೇಲೆ ಬಡೀತಾರೆ. ಮಾದಪ್ಪನ ಕಥೆಯನ್ನು ರಾತ್ರಿಗಟ್ಟಲೆ ಹಾಡಿ ನಮ್ಮ ಕೈಗೆ ತಲುಪಿಸಿದವರು ಅವರೇ. ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರೂ ಹಾಗೇ. ಆ ಪರಂಪರೆಯ ಬೊಪ್ಪೇಗೌಡನಪುರ ನಮ್ಮ ತಾಲ್ಲೂಕಲ್ಲೇ ಇದೆ. ಅಪ್ಪ ಕೇಳಿದ್ದು ದೂರಲ್ಲ, ಲೆಕ್ಕ. ಬಿತ್ತಿದವರ ಪಾಲು ಎಷ್ಟು ಅನ್ನೋ ಲೆಕ್ಕ.

ನಾನು ಇದರ ಬಗ್ಗೆ ತುಂಬಾ ಯೋಚಿಸಿದೆ. ಡ್ರಮ್ಸ್ ಪಕ್ಕದ ಹಿತ್ತಾಳೆ ತಟ್ಟೆಯ ಸದ್ದಲ್ಲೇ ಕಂಸಾಳೆ ಇದೆ ಅಂತ ಸಮಾಧಾನ ಹೇಳಿಕೊಳ್ಳಬಹುದು, ಆದರೆ ಅದು ಅಭಿಮಾನಿಯ ಸಮಾಧಾನ ಅಷ್ಟೆ. ಹಾಗಂತ ತಂಡದ ಮೇಲೂ ನನಗೆ ಕೋಪ ಬರಲ್ಲ. ಕೊರಿಯಾದ ಹುಡುಗರ ಹಾಡು ಬಿಟ್ಟು ಬೇರೇನೂ ಕೇಳದ ನನ್ನ ಮಗ ಮಾದಪ್ಪನ ಹೆಸರನ್ನು ಲಯವಾಗಿ ಹೇಳೋಕೆ ಕಲಿತದ್ದು ಇವರಿಂದ, ನನ್ನಿಂದಲ್ಲ. ಆ ಋಣ ಇದೆ.

ಅವನು ಗಮನಿಸಿದ್ದು ಇನ್ನೊಂದು. ಕಾರ್ಯಕ್ರಮದ ಕೊನೆಗೆ ಕೊಳಲಿನವರು, ಡ್ರಮ್ಸಿನವರು, ಬೇಸ್ ನುಡಿಸಿದವರು ಅಂತ ಒಬ್ಬೊಬ್ಬರ ಹೆಸರನ್ನೂ ಕೂಗಿ ಹೇಳಿ ಚಪ್ಪಾಳೆ ಹೊಡೆಸ್ತಾರೆ. ‘ನಮ್ಮ ಬೀದಿಗೆ ಬರೋ ಕಂಸಾಳೆಯವರ ಹೆಸರೇನಮ್ಮಾ?’ ಅಂದ. ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮೊನ್ನೆ ಸೋಮವಾರ ಅವರಿಬ್ಬರೂ ಬಂದಿದ್ದರು. ಅಂಗಡಿ ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಮಗ ಮೊಬೈಲ್ ಹಿಡಿದ. ‘ಮೊದಲು ನಿಮ್ಮ ಹೆಸರು, ಊರು ಹೇಳಿ’ ಅಂದ. ದೊಡ್ಡವರು ನಾಚಿಕೊಂಡು, ಗಂಟಲು ಸರಿ ಮಾಡಿಕೊಂಡು, ಅವರ ಹೆಸರು, ಅವರಪ್ಪನ ಹೆಸರು, ಕಲಿಸಿದ ಗುರುವಿನ ಹೆಸರು ಎಲ್ಲಾ ಹೇಳಿ ಆಮೇಲೆ ಹಾಡಿದರು. ಹದಿನೆಂಟು ನಿಮಿಷದ ರೆಕಾರ್ಡಿಂಗು. ಮಧ್ಯೆ ಬಸ್ಸಿನ ಹಾರ್ನ್ ಇದೆ, ಬೀದಿ ನಾಯಿ ಬೊಗಳಿದ್ದಿದೆ, ನನ್ನ ಹೊಲಿಗೆ ಮಿಷನ್ ಸದ್ದೂ ಒಂದಿಷ್ಟಿದೆ. ಅಪ್ಪ ಅದನ್ನು ಟಿವಿಗೆ ಹಾಕಿಸಿಕೊಂಡು ಎರಡು ಸಲ ನೋಡಿದರು. ಎರಡನೇ ಸಲ, ಹೆಸರು ಹೇಳೋ ಜಾಗದಲ್ಲಿ ಅವರ ಬಲಗೈ ಮೆಲ್ಲಗೆ ಮೇಲೆದ್ದಿತು, ಬೆಟ್ಟದ ಕಡೆ ತಿರುಗಿ ಕೈ ಮುಗಿಯೋರ ಹಾಗೆ.