ಸೂಲಗಿತ್ತಿ ಮಾರ್ಥಾಳ ಹೆಸರು ಉಳಿದ ಬಗೆ

ನಿಮ್ಮ ಅಜ್ಜಿಯ ಅಜ್ಜಿಯ ಹೆಸರೇನು? ನಮ್ಮನಮ್ಮಲ್ಲೇ ಈ ಪ್ರಶ್ನೆ ಕೇಳಿಕೊಂಡೆವು. ಒಬ್ಬರಿಗೂ ಗೊತ್ತಿರಲಿಲ್ಲ. ಮುತ್ತಜ್ಜಂದಿರ ಹೆಸರು, ಜಮೀನು, ವ್ಯಾಜ್ಯ ಎಲ್ಲ ಬಾಯಲ್ಲಿತ್ತು. ವಂಶಾವಳಿ ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡಿರುವ ಅಮೆರಿಕದಲ್ಲಾದರೂ ಹೆಂಗಸರ ಹೆಸರು ಸುಲಭವಾಗಿ ಸಿಗುತ್ತದೆಯೇ ಎಂದು ಓದತೊಡಗಿದೆವು.

ಅಲ್ಲೂ ಸಿಗುವುದಿಲ್ಲ. ಅಲ್ಲಿ ಮೊದಲ ಜನಗಣತಿ ನಡೆದದ್ದು 1790ರಲ್ಲಿ. 1840ರವರೆಗೆ ಅದರಲ್ಲಿ ಬರೆಯುತ್ತಿದ್ದುದು ಮನೆಯ ಯಜಮಾನನ ಹೆಸರನ್ನು ಮಾತ್ರ. ಹೆಂಡತಿ ಮಕ್ಕಳೆಲ್ಲ ಬರೀ ಲೆಕ್ಕ. ಎಲ್ಲರ ಹೆಸರೂ ಬಂದದ್ದು 1850ರಲ್ಲಿ, ಆಗಲೂ ಗುಲಾಮರನ್ನು ಬಿಟ್ಟು. ಮದುವೆಯಾದರೆ ತವರಿನ ಹೆಸರೂ ಹೋಗುತ್ತಿತ್ತು.

ಹೀಗೆ ಅಳಿಸಿಹೋಗಬೇಕಿದ್ದವಳು ಮಾರ್ಥಾ ಬಲ್ಲಾರ್ಡ್. ಹುಟ್ಟಿದ್ದು 1735ರಲ್ಲಿ, ಮ್ಯಾಸಚೂಸೆಟ್ಸ್‌ನ ಆಕ್ಸ್‌ಫರ್ಡ್ ಊರಿನ ಮೂರ್ ಮನೆತನದಲ್ಲಿ. 1754ರಲ್ಲಿ ಎಫ್ರೇಮ್ ಬಲ್ಲಾರ್ಡ್‌ನನ್ನು ಮದುವೆಯಾದಳು. ಒಂಬತ್ತು ಮಕ್ಕಳು; ಅದರಲ್ಲಿ ಮೂರು ಹೆಣ್ಣುಮಕ್ಕಳು 1769ರ ಬೇಸಿಗೆಯಲ್ಲಿ ಗಂಟಲಮಾರಿಗೆ ಮೂರೇ ವಾರದೊಳಗೆ ತೀರಿಕೊಂಡರು. ಆಮೇಲೆ ಸಂಸಾರ ಮೇನ್ ಪ್ರಾಂತ್ಯದ ಕೆನೆಬೆಕ್ ನದಿ ದಂಡೆಯ ಹ್ಯಾಲೋವೆಲ್‌ಗೆ ಬಂತು. 1812ರಲ್ಲಿ ಅವಳು ಸತ್ತಾಗ ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು: ಇಂಥವರ ಪತ್ನಿ, ಇಷ್ಟು ವಯಸ್ಸು.

ಆದರೆ ಅವಳು ಸೂಲಗಿತ್ತಿ, ಮತ್ತು ದಿನವೂ ಬರೆಯುತ್ತಿದ್ದಳು. 1785ರ ಜನವರಿಯಿಂದ 1812ರ ಮೇ ತಿಂಗಳವರೆಗೆ, 27 ವರ್ಷ. ಹವಾಮಾನ, ದೋಣಿಯಲ್ಲಿ ದಾಟಿದ ಹೊಳೆ, ಬಂದ ಕೂಲಿ, ನೆಯ್ದ ಬಟ್ಟೆ, 816 ಹೆರಿಗೆ. ಅಂದಿನ ಕಾನೂನಿನ ಪ್ರಕಾರ, ಮದುವೆಯಾಗದ ಹೆಣ್ಣು ಹೆರುವಾಗ ತಂದೆ ಯಾರೆಂದು ಸೂಲಗಿತ್ತಿ ಕೇಳಬೇಕಿತ್ತು. 1791ರ ಅಕ್ಟೋಬರಿನಲ್ಲಿ ಸ್ಯಾಲಿ ಪಿಯರ್ಸ್ ಹೇಳಿದ ಹೆಸರು ಮಾರ್ಥಾಳ ಮಗ ಜೋನಥನ್‌ನದೇ. ಮಾರ್ಥಾ ಅದನ್ನೂ ಬರೆದಿಟ್ಟಳು. ಮುಂದಿನ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು. ಸ್ವಂತ ಮನೆಯ ಸುದ್ದಿಯನ್ನೂ ಮುಚ್ಚಿಡದ ಇಂಥ ವರದಿಗಾರಿಕೆ ನಮಗೆ ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ.

ದಿನಚರಿ ಉಳಿದದ್ದು ಹೆಂಗಸರ ಕೈಯಲ್ಲಿ. ಮಗಳು ಡಾಲಿ ಇಟ್ಟುಕೊಂಡಳು, ಆಮೇಲೆ ಅವಳ ಹೆಣ್ಣುಮಕ್ಕಳು. 1884ರಲ್ಲಿ ಅದು ಸೇರಿದ್ದು ಡಾಲಿಯ ಮರಿಮಗಳು ಮೇರಿ ಹೋಬಾರ್ಟ್‌ಗೆ. ಆಕೆ ವೈದ್ಯಕೀಯ ಓದು ಮುಗಿಸಿದ ವರ್ಷ ಅದು. 1930ರಲ್ಲಿ ಮೇರಿ ಅದನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟಳು. ಅದನ್ನೇ ಆಧರಿಸಿ ಲಾರೆಲ್ ಥ್ಯಾಚರ್ ಉಲ್ರಿಚ್ 1990ರಲ್ಲಿ ಬರೆದ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಬಂತು.

ಅಲ್ಲಿಯವರೆಗೆ ಇತಿಹಾಸಕಾರರು ಆ ಹಾಳೆಗಳನ್ನು ನೋಡಿರಲಿಲ್ಲವೆಂದಲ್ಲ. ನೋಡಿದ್ದರು, ಹೆರಿಗೆ, ನೇಯ್ಗೆ, ಕೈತೋಟದ ಈ ಲೆಕ್ಕ ಇತಿಹಾಸವಲ್ಲವೆಂದು ಬದಿಗಿಟ್ಟಿದ್ದರು. ಉಲ್ರಿಚ್ ಆ ಲೆಕ್ಕವನ್ನೇ ಕೂಡಿಸಿ ಕಳೆದು ಒಂದು ಊರಿನ ಆರ್ಥಿಕತೆಯನ್ನು ಕಟ್ಟಿಕೊಟ್ಟರು. ಹೆಣ್ಣಿನ ಎಳೆ ಹಿಡಿದು ಹೋದರೆ ಇನ್ನೊಂದು ನೆಂಟಸ್ತಿಕೆಯೂ ಕಾಣುತ್ತದೆ: ಅಮೆರಿಕದ ರೆಡ್‌ಕ್ರಾಸ್ ಸ್ಥಾಪಿಸಿದ ಕ್ಲಾರಾ ಬಾರ್ಟನ್ ಮಾರ್ಥಾಳ ತಂಗಿಯ ಮೊಮ್ಮಗಳು.

ನಮ್ಮ ಅಜ್ಜಿಯಂದಿರ ಹತ್ತಿರ ದಿನಚರಿ ಇಲ್ಲ, ನೆನಪಿದೆ. ಅದೂ ದಿನೇ ದಿನೇ ಸವೆಯುತ್ತಿದೆ. ಹಾಗಾಗಿ ನಾವು ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯುವುದೆಂದು ತೀರ್ಮಾನಿಸಿದ್ದೇವೆ. ಮೊದಲು ಕೇಳುವುದು ಇಷ್ಟೇ: ಅಜ್ಜೀ, ನಿನ್ನ ಅಜ್ಜಿಯ ಹೆಸರೇನು, ಅವರ ತವರು ಯಾವುದು, ನಿನ್ನ ಹೆರಿಗೆ ಮಾಡಿಸಿದವರು ಯಾರು? ಉತ್ತರ ಸಿಕ್ಕರೆ ತಾರೀಕು ಹಾಕಿ ಬರೆದಿಡಿ. ನಮಗೂ ಕಳಿಸಿ.